ಲೆವಲ್ ಪೈಪು, ಬ್ಯಾರಲ್ಲು ಮತ್ತು ಮಲಪ್ರಭೆ

ಬೈಲಹೊಂಗಲದಲ್ಲಿ ಮನೆ ಕಟ್ಟುತ್ತಿದ್ದ ಪರಿಚಯದ ಗೌಂಡಿಯೊಬ್ಬನ ಹತ್ತಿರ ಲೆವಲ್ ಪೈಪು ಕೇಳಿದಾಗ ಆತ ಮೊದಲು ಕೇಳಿದ್ದು, ‘ಯಾವ ಗ್ವಾಡಿ ಕಟ್ಟಾವ್ರದೀರಿ ಸರ?’ ಎಂದು. ಗೋಡೆಯಲ್ಲ, ವಾಲ್ವ್ ಅಳೆಯುವುದಿದೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಸಿಮೆಂಟು ಮೆತ್ತಿ ಅರ್ಧ ಮಸುಕಾದ ಪಾರದರ್ಶಕ ಪೈಪನ್ನು ಸುರುಳಿ ಸುತ್ತಿ ಕೊಟ್ಟ. ‘ಸಂಜೀಕ ವಾಪಸ್ ಬರಬೇಕ್ರಿ, ನಾಳೆ ಲಿಂಟಲ್ ಐತಿ’ ಎಂಬ ಷರತ್ತಿನೊಂದಿಗೆ.

ಡಿಸೆಂಬರಿನ ಬೆಳಗು. ನನ್ನ ದಾರಿ ಮಲಪ್ರಭೆಯ ದಾರಿಯೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಹೆದ್ದಾರಿಯನ್ನು ದಾಟುತ್ತದೆ. ಅಲ್ಲಿಂದ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ, ಮುಂದೆ ಮುನವಳ್ಳಿ, ಸವದತ್ತಿ, ರಾಮದುರ್ಗ. ಈ ತಾಲ್ಲೂಕುಗಳನ್ನೆಲ್ಲ ಹೊಲಿದಿರುವ ದಾರ ಈ ಹೊಳೆ. ಊರೂರಿಗೂ ಒಂದೊಂದು ಟ್ಯಾಂಕು, ಟ್ಯಾಂಕಿಗೊಂದು ವಾಲ್ವು, ವಾಲ್ವಿಗೊಬ್ಬ ನೀರು ಬಿಡುವವ, ಅವನ ಹೆಗಲ ಮೇಲೊಂದು ಉದ್ದನೆಯ ಟಿ ಆಕಾರದ ಚಾವಿ. ‘ನಳ ಬಂದಾವು’ ಎಂಬ ಕೂಗು ಕೇಳಿದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುವ ಸೀಮೆ ಇದು. ಇಲ್ಲಿ ನಾನು ಎಲ್ಲಿ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ‘ಪ್ರೆಶರ್ ಇಲ್ರಿ.’ ಪ್ರೆಶರ್ ಇಲ್ಲವೋ, ನೀರೇ ಇಲ್ಲವೋ, ಇವೆರಡೂ ಒಂದೆಯೋ ಬೇರೆಯೋ ಎಂದು ಕೇಳಿದರೆ ಮಾತ್ರ ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಕಿತ್ತೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1824ರ ಅಕ್ಟೋಬರ್ 23ರ ಕಾಳಗ, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಕಥೆ, ರಾಣಿ ಚೆನ್ನಮ್ಮ ಸೆರೆಯಾಗಿ ಬೈಲಹೊಂಗಲದ ಕೋಟೆಯಲ್ಲಿ 1829ರಲ್ಲಿ ತೀರಿಕೊಂಡದ್ದು, ಇವನ್ನೆಲ್ಲ ಹೇಳಲು ಅಲ್ಲಿ ಬೇರೆಯವರಿದ್ದಾರೆ. ನಾನು ಕೋಟೆಯೊಳಗಿನ ಅರಮನೆಯ ಅವಶೇಷದಲ್ಲಿ ಬಾವಿ, ಬಚ್ಚಲುಗಳನ್ನಷ್ಟೇ ನೋಡಿಕೊಂಡು ಬಂದೆ. ಬಾವಿಯಿಂದ ಸೇದಿದ ನೀರನ್ನು ಮೇಲಿನ ತೊಟ್ಟಿಗೆ ಸುರಿದರೆ ಅದು ತಾನಾಗಿ ಕೆಳಗಿನ ಬಚ್ಚಲಿಗೆ ಇಳಿಯುತ್ತದೆ. ಪಂಪಿಲ್ಲದ ಕಾಲದಲ್ಲಿ ಎತ್ತರವೇ ಒತ್ತಡ. ಈಗಲೂ ಅಷ್ಟೇ, ನಾವು ಮರೆತಿದ್ದೇವೆ ಅಷ್ಟೆ. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋ ಭಾರ ಹಾಕುತ್ತದೆ. ಅದನ್ನೇ ನಮ್ಮ ರೈತರು ‘ಒಂದ್ ಕಿಲೋ ಪ್ರೆಶರ್’ ಎನ್ನುತ್ತಾರೆ.

ನಾನು ಹುಡುಕಿ ಬಂದ ಹೊಲ ಮುನವಳ್ಳಿಯ ಕಡೆಗೆ, ಸಣ್ಣ ಗುಡ್ಡದ ಓರೆಯಲ್ಲಿದೆ. ಕೆಳಗೆ ಎರೆ ಭೂಮಿ, ಮೊಣಕಾಲುದ್ದದ ಬಿಳಿಜೋಳ, ಅದರಾಚೆ ಕಡಲೆ. ಗುಡ್ಡದ ಮೇಲೊಂದು ಸಿಮೆಂಟ್ ತೊಟ್ಟಿ. ಕರೆಂಟ್ ಇದ್ದಾಗ ಬೋರಿನ ನೀರು ತೊಟ್ಟಿಗೆ ಏರುತ್ತದೆ. ಕರೆಂಟ್ ಹೋದ ಮೇಲೆ ತೊಟ್ಟಿಯ ನೀರು 63 ಮಿಲಿಮೀಟರ್ ಪೈಪಿನಲ್ಲಿ ಇನ್ನೂರೈವತ್ತು ಮೀಟರ್ ಇಳಿದು ಹೊಲಕ್ಕೆ ಬರುತ್ತದೆ. ಹೊಲದ ಅಂಚಿನಲ್ಲೊಂದು ಬಾಲ್ ವಾಲ್ವು, ಕೆಂಪು ಹಿಡಿಕೆಯದ್ದು. ಹೊಲದ ಹಿರಿಯರನ್ನು ನಾನು ಕಾಕಾ ಎನ್ನುತ್ತೇನೆ. ಅವರಿಗೂ ವಾಲ್ವಿಗೂ ವರ್ಷದಿಂದ ಜಗಳ. ‘ಅರ್ಧಾ ಮುಚ್ಚಿದ್ರ ಅರ್ಧಾ ನೀರ ಬರಬೇಕ ಹೌದಿಲ್ಲೋ ತಮ್ಮಾ? ಇದು ಸ್ವಲ್ಪ ತಿರುವಿದ್ರ ಕೇಳೂದಿಲ್ಲ, ಇನ್ನೊಂಚೂರು ತಿರುವಿದ್ರ ಸತ್ತಂಗ ಆಗ್ತೈತಿ.’

ಕಾಕಾರ ದೂರು ನ್ಯಾಯವಾದದ್ದೇ. ಅದನ್ನು ಅಂಕಿಯಲ್ಲಿ ಹಿಡಿಯೋಣ ಎಂದೇ ಬಂದಿದ್ದೆ.

ಸಾಮಾನು ಇಷ್ಟು: ಇನ್ನೂರು ಲೀಟರಿನ ಬ್ಯಾರಲ್, ಮೊಬೈಲಿನ ಗಡಿಯಾರ, ಒತ್ತಡ ತೋರಿಸುವ ಒಂದು ಗೇಜು, ಗೌಂಡಿಯ ಲೆವಲ್ ಪೈಪು, ಒಂದು ಬಿದಿರ ಗಳ. ವಾಲ್ವಿನ ಮುಂದೊಂದು, ಹಿಂದೊಂದು ಸ್ಯಾಡಲ್ (ಪೈಪನ್ನು ಅಪ್ಪುವ ಪಟ್ಟಿ) ಕೂರಿಸಿ ಸಣ್ಣ ಕಾಕ್, ಅಂದರೆ ಪುಟ್ಟ ನಲ್ಲಿ, ಹಾಕಿದೆವು. ಎಲ್ಲಿ ಕೂರಿಸಬೇಕು ಎಂಬುದಕ್ಕೂ ಲೆಕ್ಕವಿದೆ. ಕಾರ್ಖಾನೆಗಳಲ್ಲಿ ವಾಲ್ವು ಪರೀಕ್ಷಿಸುವವರು ನೀರು ಬರುವ ಬದಿಗೆ ಪೈಪಿನ ಎರಡು ವ್ಯಾಸದಷ್ಟು ದೂರದಲ್ಲಿ, ಹೋಗುವ ಬದಿಗೆ ಆರು ವ್ಯಾಸದಷ್ಟು ದೂರದಲ್ಲಿ ಒತ್ತಡ ನೋಡುತ್ತಾರೆ. ವಾಲ್ವಿನ ಇಕ್ಕಟ್ಟಿನಿಂದ ಹೊರಬಿದ್ದ ನೀರು ಕೆಲ ದೂರ ತಲೆ ಕೆಟ್ಟವರಂತೆ ಸುತ್ತುತ್ತಿರುತ್ತದೆ. ಅದು ಸಮಾಧಾನಕ್ಕೆ ಬಂದ ಮೇಲೆ ಮಾತನಾಡಿಸಬೇಕು. ಅದರ ಮೊದಲೇ ಗೇಜು ಹಚ್ಚಿದರೆ ಇಕ್ಕಟ್ಟಿನಲ್ಲಿ ಓಡುವ ನೀರಿನ ಒತ್ತಡ ತೀರಾ ಕಡಿಮೆ ಕಾಣುತ್ತದೆ, ಅದರಲ್ಲಿ ಸ್ವಲ್ಪ ಮುಂದೆ ಮರಳಿ ಬರುವಂಥದ್ದು. ನಷ್ಟವನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಬರೆದುಕೊಂಡು ಹೋಗುತ್ತೇವೆ.

ಮೊದಲು ವಾಲ್ವು ಪೂರ್ತಿ ಮುಚ್ಚಿ ಗೇಜು ನೋಡಿದೆ. ಮುಳ್ಳು 1.2 ಕಿಲೋ ಎಂದಿತು. ಕಾಕಾ ಖುಷಿಯಾದರು. ನಾನು ಗೇಜು ಬಿಚ್ಚಿ ಕೈಯಲ್ಲಿ ಹಿಡಿದೆ. ಯಾವುದಕ್ಕೂ ಅಂಟಿಸದಿದ್ದರೂ ಮುಳ್ಳು 0.2ರ ಮೇಲೆ ಕುಳಿತಿತ್ತು! ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ಅಂಗಡಿಯಲ್ಲಿ ಕೊಂಡದ್ದು. ಮನೆಯಲ್ಲೇ ನೋಡದೆ ಬಂದದ್ದು ನನ್ನ ತಪ್ಪು. ಸರಿ, ಇನ್ನು ಮುಂದೆ ಎಲ್ಲದರಲ್ಲೂ 0.2 ಕಳೆಯುವುದು. ಅಂದರೆ ಒತ್ತಡ ಒಂದು ಕಿಲೋ, ತೊಟ್ಟಿಯ ನೀರು ನಮಗಿಂತ ಹತ್ತು ಮೀಟರ್ ಮೇಲಿದೆ. ‘ನೋಡ್ರಿ ಕಾಕಾ, ಇಡೀ ದಿನದಾಗ ನಿಮಗ ಸಿಗೂ ದೊಡ್ಡ ಪ್ರೆಶರ್ ಇದ. ಹನಿ ನೀರಿಲ್ಲ.’ ಕಾಕಾ ಗೇಜಿನ ಮುಳ್ಳನ್ನೂ ಖಾಲಿ ಬ್ಯಾರಲನ್ನೂ ಒಮ್ಮೆ ನೋಡಿದರು.

ಆಮೇಲೆ ಪೂರ್ತಿ ತೆರೆದೆವು. ನೀರು ಧಡಧಡನೆ ಬ್ಯಾರಲಿಗೆ ಬಿತ್ತು. ಐವತ್ತು ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ ನಾಲ್ಕು ಲೀಟರ್. ಮುಳ್ಳು ಇಳಿದು ಇಳಿದು ವಾಲ್ವಿನ ಎರಡೂ ಬದಿಗೆ ಒಂದೇ ಕಡೆ ನಿಂತಿತು. ಗೇಜಿನ ಒಂದು ಗೆರೆ ಎಂದರೆ 0.1 ಕಿಲೋ, ಅಂದರೆ ಒಂದು ಮೀಟರ್ ನೀರು. ಅದಕ್ಕಿಂತ ಸಣ್ಣ ವ್ಯತ್ಯಾಸ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಈಗ ಲೆವಲ್ ಪೈಪಿನ ಪಾಳಿ.

ಪೈಪನ್ನು ನಡುವೆ ಕತ್ತರಿಸಲಿಲ್ಲ (ಗೌಂಡಿ ಜೀವ ತೆಗೆಯುತ್ತಿದ್ದ). ಅದರ ಎರಡು ತುದಿಗಳನ್ನು ಎರಡು ಕಾಕಿಗೆ ತಂತಿಯಿಂದ ಬಿಗಿದು, ನಡುವಿನ ಬಾಗನ್ನು ಗಳದ ತುದಿಗೆ ಸಿಕ್ಕಿಸಿದೆವು. ಮಸುಕು ಪೈಪಿನಲ್ಲಿ ನೀರು ಎರಡೂ ಕಡೆಯಿಂದ ಏರಿ, ನಡುವೆ ಸಿಕ್ಕ ಗಾಳಿಯನ್ನು ಮೇಲಕ್ಕೆ ಒತ್ತಿ ನಿಂತಿತು. ಯಾವ ಕಡೆ ಎಷ್ಟು ಮೇಲಿದೆ ನೋಡಿದರೆ ಸಾಕು. ವಾಲ್ವಿನಲ್ಲಿ ಕಳೆದ ಒತ್ತಡ ಸೆಂಟಿಮೀಟರಿನಲ್ಲಿ ಕಣ್ಣೆದುರೇ ಇರುತ್ತದೆ. ಗೌಂಡಿಗೆ ಎರಡೂ ಕಡೆ ಸಮವಾಗಿದ್ದರೆ ಸಂತೋಷ, ನಮಗೆ ಸಮವಾಗಿರದಿದ್ದರೆ ಕೆಲಸ.

ನೋಡಿದರೆ ವಾಲ್ವು ದಾಟಿದ ಬದಿಯ ನೀರೇ ಮೇಲಿದೆ! ನೀರು ಕಡಿಮೆ ಒತ್ತಡದಿಂದ ಹೆಚ್ಚು ಒತ್ತಡದ ಕಡೆಗೆ ಹರಿಯುತ್ತಿದೆ ಎಂದಾಯಿತು. ಕಾಕಾ ನಕ್ಕರು. ‘ಮಲಪ್ರಭಾ ಗುಡ್ಡ ಹತ್ತಿ ಕಣಕುಂಬಿಗೆ ಹೊಂಟಾಳೇನ?’ ಬಗ್ಗಿ ನೋಡಿದಾಗ ಆ ಬದಿಯ ಪೈಪಿನಲ್ಲಿ ಬುಡದ ಹತ್ತಿರ ಬೆರಳುದ್ದದ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಗುಳ್ಳೆ ಎಷ್ಟುದ್ದವೋ ನೀರಿನ ಮಟ್ಟ ಅಷ್ಟು ಸುಳ್ಳು. ಪೈಪಿಗೆ ಬೆರಳಿನಿಂದ ಟಕಟಕ ಬಡಿದು ಗುಳ್ಳೆಯನ್ನು ಮೇಲಕ್ಕೆ ಹತ್ತಿಸಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ನಿಜ ಕಾಣಿಸಿತು: ತೊಟ್ಟಿಯ ಕಡೆಯ ನೀರು ಎರಡು ಬೆರಳಗಲ ಮೇಲೆ. ಮೂರು ಸೆಂಟಿಮೀಟರ್, ಹೆಚ್ಚೆಂದರೆ ನಾಲ್ಕು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಎರಡು ಕಾಕುಗಳ ನಡುವಿನ ಅರ್ಧ ಮೀಟರ್ ಪೈಪು ತಿಂದದ್ದು. ಪೂರ್ತಿ ತೆರೆದ ಬಾಲ್ ವಾಲ್ವು ಇದ್ದೂ ಇಲ್ಲದಂತೆ.

ಈಗ ಹಿಡಿಕೆಯನ್ನು ಮೂರರಲ್ಲಿ ಒಂದು ಪಾಲು, ಅಂದರೆ ಮೂವತ್ತು ಡಿಗ್ರಿ ತಿರುಗಿಸಿದೆ. ತೊಟ್ಟಿಯ ಬದಿಯ ನೀರು ಏರಿತು. ಸೊಂಟದ ಮಟ್ಟದಲ್ಲಿದ್ದದ್ದು ನನ್ನ ಗದ್ದದ ಹತ್ತಿರ ಬಂದು ನಿಂತಿತು. ವ್ಯತ್ಯಾಸ ಅರವತ್ತು ಸೆಂಟಿಮೀಟರ್. ಒತ್ತಡದ ನಷ್ಟ ಹದಿನೈದು ಇಪ್ಪತ್ತು ಪಟ್ಟು ಹೆಚ್ಚಾಯಿತು. ನೀರು? ಬ್ಯಾರಲ್ ತುಂಬಲು 52 ಸೆಕೆಂಡು. ಎರಡೇ ಸೆಕೆಂಡು ತಡ! ಕಾಕಾ ಎರಡನೇ ಸಲ ಅಳೆಯಲು ಹೇಳಿದರು. ಮತ್ತೆ 52.

ಅವರ ಅರ್ಧ ಜಗಳ ಅಲ್ಲಿಗೆ ತೀರಿತು. ಗುಡ್ಡದ ತೊಟ್ಟಿಯಿಂದ ಬ್ಯಾರಲಿನ ಬಾಯಿಯವರೆಗೆ ಇರುವ ಇಳಿತ ಒಂಬತ್ತು ಮೀಟರ್. ಆ ಒಂಬತ್ತು ಮೀಟರೇ ನೀರಿನ ಕಿಸೆಯಲ್ಲಿರುವ ದುಡ್ಡು. ವಾಲ್ವು ತೆರೆದಿದ್ದಾಗ ಅಷ್ಟನ್ನೂ ಇನ್ನೂರೈವತ್ತು ಮೀಟರ್ ಪೈಪೇ ದಾರಿಯಲ್ಲಿ ವಸೂಲಿ ಮಾಡುತ್ತದೆ. ವಾಲ್ವು ಅರವತ್ತು ಸೆಂಟಿಮೀಟರ್ ಕೇಳಿದರೆ ನೀರಿಗೆ ಅದೇನು ದೊಡ್ಡದಲ್ಲ.

ಅರವತ್ತು ಡಿಗ್ರಿಗೆ ತಿರುಗಿಸಿದ್ದೇ ತಡ, ಬಾಗಿನ ಗಾಳಿಯನ್ನೆಲ್ಲ ನುಂಗಿದ ನೀರು ತೊಟ್ಟಿಯ ಬದಿಯಿಂದ ಗಳದ ತುದಿ ದಾಟಿ ಆಚೆ ಇಳಿಯಿತು. ತಂತಿ ಜಾರಿ ಪೈಪು ಕಿತ್ತುಕೊಂಡು ಹಾವಿನ ಹಾಗೆ ಹೊರಳಿ ನನ್ನ ಅಂಗಿ, ಚೀಟಿ, ಕನ್ನಡಕ ಎಲ್ಲವನ್ನೂ ತೋಯಿಸಿತು. ಗುಡಿಸಲ ಬಾಗಿಲಲ್ಲಿ ನಿಂತಿದ್ದ ಕಾಕಾರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಅಲ್ಲಿಗೇ ಕೇಳಿಸಿತು. ಕಾಕ್ ಮುಚ್ಚಿ, ಮತ್ತೆ ಗೇಜಿಗೇ ಶರಣಾದೆ. ಮುಳ್ಳು 0.9 ಮತ್ತು 1ರ ನಡುವೆ, ಸುಳ್ಳಿನ 0.2 ಕಳೆದರೆ ಮುಕ್ಕಾಲು ಕಿಲೋ. ಆಚೆ ಬದಿಗೆ 0.1. ವಾಲ್ವಿನಲ್ಲಿ ಕಳೆದದ್ದು 0.65 ಕಿಲೋ, ಆರೂವರೆ ಮೀಟರ್. ಒಂಬತ್ತರಲ್ಲಿ ಆರೂವರೆ! ಬ್ಯಾರಲಿಗೆ 97 ಸೆಕೆಂಡು ಹಿಡಿಯಿತು. ನೀರು ಅರ್ಧಕ್ಕೆ ಬಂತು.

ಕಳೆದ ಒತ್ತಡ ಎಲ್ಲಿ ಹೋಯಿತು ಎಂದು ಕಾಕಾ ಕೇಳಿದರು. ಅದರ ಸ್ವಲ್ಪ ಪಾಲು ಸದ್ದಾಗಿ ಕೇಳುತ್ತಿತ್ತು. ವಾಲ್ವಿನ ಮೇಲೆ ಅಂಗೈ ಇಟ್ಟರೆ ಜೇನುಗೂಡಿನಂತೆ ಗುಂಯ್ ಎನ್ನುವ ನಡುಕ. ಉಳಿದದ್ದೆಲ್ಲ ಸುಳಿ ಸುಳಿಯಾಗಿ ಕೊನೆಗೆ ಬಿಸಿಯಾಗುತ್ತದೆ. ಆರೂವರೆ ಮೀಟರಿನ ನಷ್ಟಕ್ಕೆ ನೀರು ಬಿಸಿಯಾಗುವುದು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲೂ ಅಲ್ಲ. ‘ಹಂಗಾರ ಜಳಕಕ್ಕ ಉಪಯೋಗಿಲ್ಲ’ ಎಂದರು ಕಾಕಾ.

ವಾಲ್ವು ಮಾಡುವವರು ಇದನ್ನೆಲ್ಲ ಒಂದೇ ಅಂಕಿಯಲ್ಲಿ ಅಡಕ ಮಾಡುತ್ತಾರೆ. ಅದಕ್ಕೆ ‘ಕೆವಿ’ ಎನ್ನುತ್ತಾರೆ. ವಾಲ್ವಿನಲ್ಲಿ ಒಂದು ಬಾರ್, ಸುಮಾರಾಗಿ ನಮ್ಮ ಒಂದು ಕಿಲೋ, ಒತ್ತಡ ಇಳಿಯುವಂತಿದ್ದರೆ ಗಂಟೆಗೆ ಎಷ್ಟು ಘನಮೀಟರ್ ನೀರು ದಾಟುತ್ತದೆ ಎಂಬುದೇ ಆ ಅಂಕಿ. ಹರಿವನ್ನು ಒತ್ತಡ ಇಳಿತದ ವರ್ಗಮೂಲದಿಂದ ಭಾಗಿಸಿದರೆ ಸಿಗುತ್ತದೆ. ತೊಯ್ದ ಚೀಟಿಯಲ್ಲೇ ಲೆಕ್ಕ ಹಾಕಿದೆ. ಪೂರ್ತಿ ತೆರೆದಾಗ ಇನ್ನೂರಕ್ಕೂ ಮೇಲೆ. ಮೂವತ್ತು ಡಿಗ್ರಿಗೆ 57. ಅರವತ್ತು ಡಿಗ್ರಿಗೆ 9ರ ಆಸುಪಾಸು. ಹಿಡಿಕೆ ಸಮಸಮವಾಗಿ ತಿರುಗಿದರೂ ಅಂಕಿ ಹೀಗೆ ಜಾರುಬಂಡಿಯಲ್ಲಿ ಇಳಿಯುತ್ತದೆ. ಬಾಲ್ ವಾಲ್ವು ನೀರು ಬಿಡಲು, ನಿಲ್ಲಿಸಲು ಇರುವಂಥದ್ದು. ಹದಕ್ಕೆ ಹಿಡಿಯಲು ಅದನ್ನು ನೆಚ್ಚಬಾರದು. ನಮ್ಮ ಹೊಲಗಳಲ್ಲಿ ಮಾತ್ರ ಎಲ್ಲ ಕೆಲಸಕ್ಕೂ ಅದೇ. ಅಗ್ಗವಲ್ಲವೇ?

ಕಾಕಾ ಇದ್ದಿಲಿನಿಂದ ಹಿಡಿಕೆಯ ಪಕ್ಕದ ಕಲ್ಲಿಗೆ 97 ಎಂದು ಬರೆದು, ಅದರೆದುರು ಒಂದು ಗೆರೆ ಎಳೆದರು. ಅರ್ಧ ನೀರು ಬೇಕಾದಾಗ ಆ ಗೆರೆ.

ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ. ಅದಾದ ಮೇಲೆ ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥ.

ಸವದತ್ತಿಯನ್ನು ಎಲ್ಲರೂ ಎಲ್ಲಮ್ಮನ ಹೆಸರಿನಿಂದ ಗುರುತಿಸುತ್ತಾರೆ, ಜಲಾಶಯಕ್ಕೂ ಅವಳದೇ ಇನ್ನೊಂದು ಹೆಸರು, ರೇಣುಕಾಸಾಗರ. ಗುಡ್ಡದ ಸಾಲೊಂದನ್ನು ಹೊಳೆ ಸೀಳಿಕೊಂಡು ಹೊರಟ ಇಕ್ಕಟ್ಟಾದ ಕಣಿವೆಯಲ್ಲಿ, 1970ರ ದಶಕದ ಆರಂಭದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಎತ್ತರ 40 ಮೀಟರಿನಷ್ಟು, ಉದ್ದ ಬರೀ 155 ಮೀಟರಿನಷ್ಟು. ಇಷ್ಟು ಗಿಡ್ಡ ಗೋಡೆಯ ಹಿಂದೆ 37.73 ಟಿಎಂಸಿ ನೀರು ನಿಲ್ಲುತ್ತದೆ ಎಂದರೆ ಅದರ ಶ್ರೇಯಸ್ಸು ಆ ಕಣಿವೆಗೆ. ತುಂಬಿದಾಗಿನ ಮಟ್ಟ ಸಮುದ್ರದಿಂದ 2079.50 ಅಡಿ, ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟ ತೆರೆದವರಿಗೆ ಈ ಅಂಕಿ ಬಾಯಿಪಾಠ.

ದೂರದಿಂದ ನೋಡುತ್ತ ನಿಂತೆ. ಗೇಟುಗಳು ಮುಚ್ಚಿದ್ದವು. ಕಾಕಾರ ಹೊಲದಿಂದ ಬಂದವನಿಗೆ ಇದು ನಾಲ್ಕು ದೊಡ್ಡ ಹಿಡಿಕೆಗಳ ವಾಲ್ವಿನ ಹಾಗೇ ಕಂಡಿತು. ‘ಹೊರಹರಿವು ಇಷ್ಟು ಸಾವಿರ ಕ್ಯೂಸೆಕ್’ ಎಂದು ಮರುದಿನ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದನ್ನು ಯಾರೂ ಬ್ಯಾರಲಿನಲ್ಲಿ ಹಿಡಿದು ಅಳೆದಿರುವುದಿಲ್ಲ. ಗೇಟು ಎಷ್ಟು ಎತ್ತಿದೆ, ಅದರ ಹಿಂದೆ ನೀರು ಎಷ್ಟು ಎತ್ತರ ನಿಂತಿದೆ ಎಂಬ ಎರಡು ಅಳತೆಯಿಂದ ಕೋಷ್ಟಕ ನೋಡಿ ಹೇಳುವ ಅಂಕಿ ಅದು. ಅಲ್ಲೂ ಅದೇ ವರ್ಗಮೂಲ. ಮೂವತ್ತು ಮೀಟರ್ ನೀರಿನ ಕೆಳಗೊಂದು ತೂತು ತೆರೆದರೆ ನೀರು ಸೆಕೆಂಡಿಗೆ ಹೆಚ್ಚುಕಡಿಮೆ 24 ಮೀಟರ್ ವೇಗದಲ್ಲಿ, ಹೆದ್ದಾರಿಯ ಬಸ್ಸಿಗೆ ಸಮನಾಗಿ, ಹೊರಬೀಳುತ್ತದೆ. ಆ ವೇಗ ಇಮ್ಮಡಿಯಾಗಬೇಕಾದರೆ ನೀರು ನಾಲ್ಕು ಪಟ್ಟು ಎತ್ತರ ನಿಲ್ಲಬೇಕು. ಇಟಲಿಯ ಟಾರಿಸೆಲ್ಲಿ ಹದಿನೇಳನೇ ಶತಮಾನದಲ್ಲಿ ಹೇಳಿದ್ದು. ಕೆರೆಗೆ ತೂಬು ಕೂರಿಸುತ್ತಿದ್ದ ನಮ್ಮವರ ಕೈಗೆ ಅದು ಅದಕ್ಕೂ ಮೊದಲೇ ಗೊತ್ತಿತ್ತು ಎಂದು ನನ್ನ ಗುಮಾನಿ. ತುಂಬಿದ ಕೆರೆಗೆ ತೂಬಿನ ಬೆಣೆ ಎಷ್ಟು ಎತ್ತಬೇಕು, ಬತ್ತಿದ ಕೆರೆಗೆ ಎಷ್ಟು ಎಂಬುದನ್ನು ತಿಳಿಯದೆ ಕೆರೆ ನಡೆಸಲಾಗದು.

ಇಲ್ಲಿಂದಲೇ ಹುಬ್ಬಳ್ಳಿ-ಧಾರವಾಡಕ್ಕೂ ಕುಡಿಯುವ ನೀರು ಹೋಗುತ್ತದೆ, ಸವದತ್ತಿಯಿಂದ ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ. ಎಡದಂಡೆ ಕಾಲುವೆ ರಾಮದುರ್ಗ, ಬಾದಾಮಿಯ ಕಡೆಗೆ. ಬಲದಂಡೆ ಕಾಲುವೆ ನವಲಗುಂದ, ನರಗುಂದದ ಕಡೆಗೆ. ಬಲದಂಡೆಯ ಆ ಎರಡು ಹೆಸರು ಬರೆಯುವಾಗ 1980ರ ಜುಲೈ 21 ನೆನಪಾಗದೆ ಇರುವುದಿಲ್ಲ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದರೆಂದು ಎದ್ದ ರೈತರು, ಗೋಲಿಬಾರ್. ಕಾಗದದ ಮೇಲೆ ಕಾಲುವೆಯ ತಲೆಯಲ್ಲಿ ಬಿಟ್ಟ ಕ್ಯೂಸೆಕ್ಕು ಇತ್ತು. ಬಾಲದಲ್ಲಿ ಎಷ್ಟು ಉಳಿದಿದೆ ಎಂದು ಅಳೆದಿದ್ದರೆ ಕರದ ಪಟ್ಟಿ ಬೇರೆಯಾಗಿರುತ್ತಿತ್ತೋ ಏನೋ.

ರಾಮದುರ್ಗ ತಲುಪುವಾಗ ಮೂರು ಗಂಟೆ. 2019ರ ಆಗಸ್ಟಿನಲ್ಲಿ ಇದೇ ಅಣೆಕಟ್ಟಿನಿಂದ ಬಿಟ್ಟ ನೀರು ಈ ತಾಲ್ಲೂಕಿನ ಹೊಳೆದಂಡೆಯ ಊರುಗಳೊಳಗೆ ನುಗ್ಗಿ, ಮನೆ, ಮಗ್ಗಗಳನ್ನು ಮುಳುಗಿಸಿತ್ತು. ಈಗ ಹೊಳೆ ಬಡಕಲು. ಊರಿನಾಚೆ ಒಂದು ವಿತರಣಾ ಕಾಲುವೆಯಲ್ಲಿ ಹಿಂಗಾರಿಯ ನೀರು ಹರಿಯುತ್ತಿತ್ತು. ಇಲ್ಲಿ ಗೇಜು, ಬ್ಯಾರಲ್ ಯಾವುದೂ ನಡೆಯದು. ಹೆಜ್ಜೆ ಹಾಕಿ ಇಪ್ಪತ್ತು ಮೀಟರ್ ಗುರುತು ಮಾಡಿ, ಒಣ ಜೋಳದ ದಂಟಿನ ತುಂಡೊಂದನ್ನು ನಡುನೀರಿಗೆ ಎಸೆದೆ. ನಲವತ್ತು ಸೆಕೆಂಡಿಗೆ ಗುರುತು ದಾಟಿತು. ಸೆಕೆಂಡಿಗೆ ಅರ್ಧ ಮೀಟರ್. ಮೇಲ್ಮೈ ನೀರು ತಳದ ನೀರಿಗಿಂತ ಚುರುಕು, ಆದ್ದರಿಂದ ಅದರಲ್ಲಿ ನೂರಕ್ಕೆ 85 ಹಿಡಿಯಬೇಕು. ಅಗಲ ಸರಾಸರಿ ಮೂರು ಮೀಟರ್, ಆಳ ಅರವತ್ತು ಸೆಂಟಿಮೀಟರ್. ಎಲ್ಲ ಗುಣಿಸಿದರೆ 27 ಕ್ಯೂಸೆಕ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್; ಕಾಕಾರ ಪೈಪಿನಂಥವು ಏಳು ಸೇರಿದರೆ ಒಂದು ಕ್ಯೂಸೆಕ್.

ಅಲ್ಲೊಂದು ಹೊಲಗಾಲುವೆಯ ತೂಬು. ತಿರುಪಿನ ಗೇಟು ಅರ್ಧ ಎತ್ತಿದೆ. ಕಾಲುವೆಯ ನೀರು ಈಚೆಯ ನೀರಿಗಿಂತ ಒಂದು ಗೇಣು ಮೇಲೆ ನಿಂತಿತ್ತು. ಆ ಗೇಣೇ ಈ ವಾಲ್ವಿನ ಒತ್ತಡ ಇಳಿತ, ಬರಿಗಣ್ಣಿಗೆ ಕಾಣುವಂಥದ್ದು. ಎಮ್ಮೆ ಹೊಡೆದುಕೊಂಡು ಬಂದ ಹುಡುಗ ನನ್ನ ಗೇಣಳತೆ ನೋಡಿ ನಿಂತ. ಕಾಲುವೆಯ ತಲೆಗೆ ಹತ್ತಿರದ ರೈತರು ಮಟ್ಟ ಇಳಿಸಿದರೆ ಇಲ್ಲಿ ಏನಾಗುತ್ತದೆ ಎಂದು ಕೇಳಿದೆ. ಗೇಣು ನಾಲ್ಕು ಬೆರಳಾದರೆ ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಯುತ್ತದೆ ಎಂದು ನನ್ನ ವರ್ಗಮೂಲ ಹೇಳುತ್ತಿತ್ತು. ಹುಡುಗ ಹೇಳಿದ್ದು ಬೇರೆ: ‘ಮಟ್ಟ ಇಳದ್ರ ನಮ್ಮಪ್ಪ ರಾತ್ರಿ ಬಂದು ಗೇಟ್ ಪೂರಾ ಎತ್ತತಾನ್ರಿ.’ ಅವರಪ್ಪನಿಗೆ ಕೆವಿ ಗೊತ್ತಿದೆ.

ಬೈಲಹೊಂಗಲ ಮುಟ್ಟುವಾಗ ಕತ್ತಲಾಗಿತ್ತು. ಗೌಂಡಿ ಸೈಕಲ್ಲಿನ ಪಕ್ಕ ಕಾಯುತ್ತಿದ್ದ. ಪೈಪನ್ನು ಸುರುಳಿ ಬಿಚ್ಚಿ ಬಲ್ಬಿನ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದ. ನಡುವೆಲ್ಲೋ ನಮ್ಮ ಕಾಕಾರ ಹೊಲದ ನೀರು, ಅದರೊಳಗೆ ಒಂದು ಗುಳ್ಳೆ. ‘ಇದೊಂದ್ ಉಳದ್ರ ನನ್ನ ಲಿಂಟಲ್ ಸೊಟ್ಟ ಆಕ್ಕಿತ್ತಲ್ರಿ’ ಎಂದು ಬೈದು, ಒಂದು ತುದಿಯನ್ನು ಬಾಯಿಗಿಟ್ಟು ಜೋರಾಗಿ ಊದಿದ. ನೀರೂ ಗುಳ್ಳೆಯೂ ಒಟ್ಟಿಗೇ ಮರಳಿನ ಗುಡ್ಡೆಯ ಮೇಲೆ ಬಿದ್ದವು. ಬಕೆಟ್ಟಿನಿಂದ ಹೊಸ ನೀರು ತುಂಬಿಸಿ, ಎರಡೂ ತುದಿಗಳನ್ನು ಮೂಗಿನ ಮುಂದೆ ಜೋಡಿಸಿ ಹಿಡಿದು, ಸಮ ಬರುವವರೆಗೂ ಒಂದು ಕಣ್ಣು ಮುಚ್ಚಿಕೊಂಡು ನಿಂತ.